ಐವತ್ತು ನಿಮಿಷದ ದಾರಿಗೆ ಇಡೀ ದಿನದ ಮಾತ್ರೆ

ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವ ಹೊಲಿಗೆಯಮ್ಮನಿಗೆ ಬಸ್ಸು ಮಾತ್ರ ಆಗಿಬರುವುದಿಲ್ಲ. ಎಂಜಿನ್ ಗುರ್ ಅಂದರೆ ಸಾಕು, ಹೊಟ್ಟೆ ತೊಳಸಲು ಶುರು. ಅದಕ್ಕೇ ಅವಳದೊಂದು ಪದ್ಧತಿ: ಸೀಟಿನಲ್ಲಿ ಕೂತ ಕೂಡಲೇ ಎರಡು ವಾಂತಿ ಮಾತ್ರೆ ನುಂಗುವುದು, ಶಾಲು ಮುಖದ ಮೇಲೆ ಎಳೆದುಕೊಳ್ಳುವುದು, ಕಂಡಕ್ಟರ್ ಬಂದು ಭುಜ ಅಲುಗಾಡಿಸುವವರೆಗೆ ಗೊರಕೆ ಹೊಡೆಯುವುದು.

ಮಗಳ ಊರಿಗೆ ಬಸ್ಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೆಟ್ಟ ಸುತ್ತಿ ಸುತ್ತಿ ಹೋಗಬೇಕು. ಮೊದಲ ಮೊಮ್ಮಗ ಹುಟ್ಟಿದಾಗ ಇವಳಿನ್ನೂ ಆ ಬೆಟ್ಟದ ಮೇಲಿದ್ದಳು. "ಅಮ್ಮ ಬಂದಳಾ, ಅಮ್ಮ ಬಂದಳಾ" ಎಂದು ಮಗಳು ನೋವಿನಲ್ಲಿ ಕೇಳುತ್ತಲೇ ಇದ್ದಳೆಂದು ಬೀಗಿತ್ತಿ ಆಮೇಲೆ ಹೇಳಿದಳು. ಪಾಪ, ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೂ ಆ ಮಾತು ಹೊಲಿಗೆಯಮ್ಮನ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿದುಬಿಟ್ಟಿತು. ಎರಡನೆಯ ಸಲ ಏನೇ ಆಗಲಿ, ಮಗಳ ಹತ್ತಿರ ಇರಲೇಬೇಕೆಂದು ಆವತ್ತೇ ನಿಶ್ಚಯಿಸಿದ್ದಳು.

ಮೊನ್ನೆ ಬೆಳಿಗ್ಗೆ ಅಳಿಯನ ಫೋನು. "ಅತ್ತೆ, ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ನೋವು ಶುರುವಾಗಿದೆ. ಬಸ್ ಬೇಡ, ವಿಮಾನಕ್ಕೆ ಟಿಕೆಟ್ ತೆಗೆದಿದ್ದೀನಿ. ಬರೀ ಐವತ್ತು ನಿಮಿಷ."

"ಐವತ್ತು ನಿಮಿಷದಲ್ಲಿ ನಾನು ಒಂದು ಲಂಗಕ್ಕೆ ಅಂಚು ಹೊಲೀಬಹುದು, ಅಷ್ಟೇ. ನನಗೆ ಸಮಾಧಾನ ಆಗಲಿ ಅಂತ ಹೇಳ್ತೀರಾ ನೀವು."

ಆದರೂ ಹೊರಟಳು. ವಿಮಾನ ನಿಲ್ದಾಣವೆಂದರೆ ಒಂದೇ ಹಾಲ್, ನಾಲ್ಕು ಸಾಲು ಕುರ್ಚಿ, ಗಾಜಿನಾಚೆ ಎರಡು ರೆಕ್ಕೆಗೆ ಎರಡು ಫ್ಯಾನು ಹಾಕಿಕೊಂಡು ನಿಂತ ಪುಟ್ಟ ವಿಮಾನ. ಹತ್ತಿ ಕೂತಳು, ಬೆಲ್ಟು ಬಿಗಿದಳು. ಎಂಜಿನ್ ಗುರ್ ಅಂದಿತು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಇದಕ್ಕೇ. ಕೈ ತಾನಾಗಿಯೇ ಚೀಲಕ್ಕೆ ಹೋಯಿತು. ಎರಡು ಮಾತ್ರೆ ಒಳಕ್ಕೆ, ಶಾಲು ಮುಖದ ಮೇಲಕ್ಕೆ.

ವಿಮಾನ ಇಳಿದು, ಜನವೆಲ್ಲ ಖಾಲಿಯಾದ ಮೇಲೆ ಗಗನಸಖಿ ಬಂದು ಭುಜ ಅಲುಗಾಡಿಸಿದಳು. "ಅಮ್ಮಾ, ಊರು ಬಂತು, ಇಳೀಬೇಕು."

ಹೊಲಿಗೆಯಮ್ಮ ಅರ್ಧ ಕಣ್ಣು ಬಿಟ್ಟಳು. "ಸುಳ್ಳು ಹೇಳಬೇಡ ಕಣಮ್ಮ, ಇನ್ನೂ ಬೆಟ್ಟವೇ ಹತ್ತಿಲ್ಲ" ಎಂದು ಮತ್ತೆ ಮಲಗಿದಳು.

ಗಾಲಿಕುರ್ಚಿಯಲ್ಲಿ ಕೂರಿಸಿ ಇಳಿಸಬೇಕಾಯಿತು. ಅಳಿಯ ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ತಂದ. ಬೀಗಿತ್ತಿ ಹೆಸರು ಹಿಡಿದು ಕೂಗಿದಳು, ಮುಖಕ್ಕೆ ನೀರು ಚಿಮುಕಿಸಿದಳು. ಊಹೂಂ. ಕೊನೆಗೆ ಹೆರಿಗೆ ಕೋಣೆಯ ಬಾಗಿಲ ಪಕ್ಕದ ಬೆಂಚಿನಲ್ಲಿ ಒರಗಿಸಿ, ಶಾಲು ಹೊದಿಸಿ, ತಾನೂ ಪಕ್ಕದಲ್ಲಿ ಕೂತಳು. ಗೊರಕೆ ಮಾತ್ರ ಕಾರಿಡಾರು ತುಂಬ.

ಎಚ್ಚರವಾದಾಗ ಸಂಜೆ. "ಯಾವ ಊರು ಬಂತು?" ಎಂದು ಎದ್ದು ಕೂತವಳಿಗೆ ಕಂಡದ್ದು ಬೀಗಿತ್ತಿಯ ನಗುಮುಖ. ಹೆಣ್ಣು ಮಗು, ತಾಯಿ ಮಗು ಆರಾಮ ಎಂದು ಕೇಳಿ ಒಂದು ಕ್ಷಣ ಹಿಗ್ಗಿದಳು. ಮರುಕ್ಷಣವೇ ಸಂಕಟ ಉಕ್ಕಿತು. ಮಗಳ ಹಾಸಿಗೆಯ ಹತ್ತಿರ ಹೋಗಿ ಅತ್ತೇಬಿಟ್ಟಳು.

"ಈ ಸಲಾನೂ ನಿನ್ನ ಜೊತೆ ಇರೋಕಾಗಲಿಲ್ಲವಲ್ಲೇ."

ಮಗಳು ಪಕ್ಕದಲ್ಲಿ ಬಟ್ಟೆ ಸುತ್ತಿ ಮಲಗಿಸಿದ್ದ ಮಗುವನ್ನು ಎತ್ತಿ ಅಮ್ಮನ ತೋಳಿಗಿಟ್ಟಳು.

"ಯಾಕಿರಲಿಲ್ಲ? ಬಾಗಿಲ ಆಚೆ ನಿನ್ನ ಗೊರಕೆ ಕೇಳ್ತಾನೇ ಇತ್ತು. ಡಾಕ್ಟರು ಯಾರದು ಅಂತ ಬೈದರು, ನಮ್ಮಮ್ಮಂದು ಅಂದೆ. ಈ ಸಲ 'ಅಮ್ಮ ಬಂದಳಾ' ಅಂತ ನಾನು ಒಂದು ಸಲಾನೂ ಕೇಳಲಿಲ್ಲ."