ಗಡಿಗೆಯ ತೂಕ, ತಾಟಿನ ತೂಕ

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ, ಎಂಐಡಿಸಿ ಕಾರ್ಖಾನೆಗಳ ಹತ್ತಿರದ ಗುಜರಿಯಲ್ಲಿ ಮೊನ್ನೆ ಅರ್ಧ ಕಿಲೋದ ಕಬ್ಬಿಣದ ತೂಕದ ಕಲ್ಲೊಂದು ಕಂಡಿತು. ಕೈಗೆತ್ತಿಕೊಂಡೆ, ತಣ್ಣಗಿತ್ತು... ಎಪ್ಪತ್ತರ ದಶಕದ ಬೋರಾಮಣಿ ಹಳ್ಳಿಯ ನಮ್ಮ ಅಡುಗೆಮನೆ, ನನ್ನ ನೆಗೆಣ್ಣಿ, ಎಲ್ಲ ಕಣ್ಣಮುಂದೆ ಬಂತು.

ಆಕೆ ಹಿರಿಯ ಸೊಸೆ, ನಾನು ಕಿರಿಯಳು. ನೆಲದೊಳಗಿನ ಹಗೇವಿನ ತುಂಬ ಜೋಳವಿದ್ದ ಮನೆ. ಆದರೂ ಗಂಡಸರು, ಅತ್ತೆ ಉಂಡೆದ್ದ ಮೇಲೆ ನಮ್ಮಿಬ್ಬರಿಗೆ ಉಳಿಯುತ್ತಿದ್ದುದು ರೊಟ್ಟಿ ಮತ್ತು ಕೆಂಪು ಖಾರ. ಬೇಳೆ ಕೇಳಿದ ದಿನ ಆಕೆಯ ಗಂಡ, ನನ್ನ ಭಾವ, ಆಕೆಯ ಬೆನ್ನು ಮುರಿಯುತ್ತಿದ್ದ. ಆಕೆಯ ಎರಡು ಕೂಸು ಹುಟ್ಟಿ ವಾರದೊಳಗೆ ಹೋಗಿದ್ದವು. ಮೂರನೆಯದು ಹೊಟ್ಟೆಯಲ್ಲಿತ್ತು.

ಜನ ಏನು ಉಣ್ಣುತ್ತಾರೆಂದು ಬರೆದುಕೊಳ್ಳಲು ಸೊಲ್ಲಾಪುರದಿಂದ ಸರ್ಕಾರದ ಹೆಣ್ಣುಮಗಳೊಬ್ಬಳು ತಕ್ಕಡಿ ಹಿಡಿದು ಬಂದಳು. ಜೋಳದಿಂದ ಕಸುವು, ಬೇಳೆ-ಹಾಲಿನಿಂದ ಮೈಮಾಂಸ ಎಂದು ತಿಳಿಸಿ ಹೇಳಿದಳು. ಗಡಿಗೆಯಲ್ಲಿದ್ದುದನ್ನೆಲ್ಲ ತೂಗಿ, ಮನೆಯ ತಲೆಗಳಿಗೆ ಸಮನಾಗಿ ಹಂಚಿ ಬರೆದಳು.

"ಮಸ್ತ್ ಉಣ್ಣತೀರಿ ಬಿಡ್ರಿ," ಅಂದು ನನ್ನ ಕಡೆ ನೋಡಿದಳು.

"ಹೌದ್ರಿ ಅಕ್ಕಾರ, ಎಲ್ಲಾರಿಗೂ ಬರೋಬರ ಪಾಲು," ಅಂದೆ ನಾನು.

ನೆಗೆಣ್ಣಿ ರೊಟ್ಟಿ, ಖಾರವಷ್ಟೇ ಇದ್ದ ತನ್ನ ತಾಟು ತಂದು ತಕ್ಕಡಿಯಲ್ಲಿಟ್ಟಳು. "ಗಡಗಿ ತೂಗಿದ್ರಿ. ಈಗ ತಾಟ ತೂಗ್ರಿ."

"ಹೊಟ್ಟಿಬಾಕಿ, ಮನಿ ಮಾನ ತಕ್ಕಡ್ಯಾಗ ಇಡ್ತಿ?" ಎಂದು ಅತ್ತೆ ಜಡೆ ಹಿಡಿದು ಎಳೆದಳು. ಭಾವ ತೂಕದ ಕಲ್ಲೆತ್ತಿ ಬೀಸಿದ. ಹಣೆ ಒಡೆಯಿತು. ಬಿದ್ದವಳನ್ನು ಒದ್ದ, ಮತ್ತೆ ಒದ್ದ. ಆಕೆ ಹೊಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದಳು... ಅವನು ದಣಿದ ಮೇಲೆ ಎದ್ದು, ರಕ್ತ ಹತ್ತಿದ ಆ ಕಲ್ಲನ್ನೇ ಹೆಕ್ಕಿ ತಕ್ಕಡಿಗೆ ಹಾಕಿದಳು.

"ಕೂಸಿಗಿ ಬ್ಯಾಳಿ ಇಲ್ಲ ಅಂತ ಬರಕೋರಿ, ಅಕ್ಕಾರ."

ಭಾವ ಆಕೆ ಬರೆದುಕೊಳ್ಳುತ್ತಿದ್ದ ವಹಿ ಕಸಿದು ಒಲೆಗೆ ತುರುಕಿದ. ಆ ಹೆಣ್ಣುಮಗಳ ರಟ್ಟೆ ಹಿಡಿದು ಅಂಗಳಕ್ಕೆ ದಬ್ಬಿದ.

ಮರುದಿನ ನೆಗೆಣ್ಣಿಯನ್ನು ಅಕ್ಕಲಕೋಟದ ತವರಿಗೆ ಅಟ್ಟಿದರು. ಸರ್ಕಾರದವರು ಮತ್ತೆ ಬಂದಾರೆಂಬ ಅಂಜಿಕೆಗೆ ಅತ್ತೆ ನನಗೆ ದಿನಾ ಬೇಳೆ ಬಡಿಸತೊಡಗಿದಳು. "ತಿನ್ನವಾ ತಾಯಿ, ನಾಳಿ ನಿನ್ನ ತಾಟೂ ತೂಗ್ಯಾರು."

ಎರಡು ತಿಂಗಳಿಗೆ ಸುದ್ದಿ ಬಂತು. ಕೂಸೂ ಇಲ್ಲ, ತಾಯಿಯೂ ಇಲ್ಲ. ಆ ದಿನವೂ ನನ್ನ ಮುಂದೆ ಬೇಳೆಯಿತ್ತು. ಉಂಡೆ.

ನನ್ನ ಮೂವರೂ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆದರು. ಈಗ ಸೊಸೆಯಂದಿರಿಗೆ ಮೊದಲು ನಾನೇ ಬಡಿಸುತ್ತೇನೆ. "ಸಾಕ್ರಿ ಅತ್ತಿ, ಹೊಟ್ಟಿ ಒಡಿಸ್ತೀರೇನ," ಎಂದು ನಗುತ್ತಾರೆ. ನಾನೂ ನಗುತ್ತೇನೆ. ಒಂದೇ ಒಲೆಯ ಮುಂದೆ ಅಷ್ಟು ದಿನ ಕೂತಿದ್ದರೂ, ನೆಗೆಣ್ಣಿಯ ತಾಟಿಗೆ ಕದ್ದಾದರೂ ಒಂದು ಸೌಟು ಬೇಳೆ ಹಾಕಿದವಳಲ್ಲ ನಾನು.