ನಾಲಿಗೆಯಲ್ಲಿ ತೆಗೆದ ಕಸ

ಕಣ್ಣಿಗೆ ಕಸ ಬಿದ್ದರೆ ನಮ್ಮಲ್ಲಿ ನಾಲಿಗೆಯಿಂದ ತೆಗೆಯುತ್ತಿದ್ದರು. ರೆಪ್ಪೆ ಬಿಡಿಸಿ, ಗುಡ್ಡೆಯ ಮೇಲೆ ನಾಲಿಗೆಯ ತುದಿಯನ್ನು ಒಮ್ಮೆ ಆಡಿಸುವುದು. ಅವ್ವನಿಗೆ ಅದು ಚೆನ್ನಾಗಿ ಬರುತ್ತಿತ್ತು. ನನಗೆ ನೆನೆದರೇ ವಾಕರಿಕೆ.

ಪಾಂಡವಪುರದ ಹತ್ತಿರದ ನಮ್ಮ ಕಣದಲ್ಲಿ ಭತ್ತ ತೂರುವಾಗ ತಂಗಿಯ ಕಣ್ಣಿಗೆ ಹೊಟ್ಟು ಬಿತ್ತು. ಅವ್ವ ಊರಲ್ಲಿರಲಿಲ್ಲ.

"ತಗಿ ಅಣ್ಣಯ್ಯ, ಉರಿ ತಡಿಯಕ್ಕಾಯ್ತಿಲ್ಲ" ಎಂದು ಅತ್ತಳು. ಕಣ್ಣೀರು, ಸಿಂಬಳ, ಧೂಳು ಸೇರಿ ಗಲ್ಲಕ್ಕೆ ಇಳಿಯುತ್ತಿತ್ತು. ದವಡೆಯಲ್ಲಿದ್ದ ಹೊಗೆಸೊಪ್ಪನ್ನು ಉಗಿಯದೆಯೇ ಒಂದು ಸಲ ನೆಕ್ಕಿ, ಥೂ ಎಂದೆ.

"ಓಯ್ತು ಬುಡಮ್ಮಿ."

ಅವಳು ಕಿರುಚಿಕೊಂಡಳು.

ವಾರದೊಳಗೆ ಕಣ್ಣು ಊದಿ ಕೀವು ಕಟ್ಟಿತು. ನೊಣ ಮುತ್ತುತ್ತಿದ್ದವು. ಅಸಹ್ಯವಾಗಿ ನಾನು ತಟ್ಟೆ ಎತ್ತಿಕೊಂಡು ಜಗುಲಿಗೆ ಹೋಗಿ ಉಂಡೆ. ಅವ್ವ ಬಂದು ಬೈದ ಮೇಲೆ ಅವಳನ್ನು ಶ್ರೀರಂಗಪಟ್ಟಣಕ್ಕೆ, ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಬಸ್ಸಿನಲ್ಲೂ ಬೇರೆ ಸೀಟಿನಲ್ಲಿ ಕೂತೆ.

ಡಾಕ್ಟರು ಮೇಲಿನ ರೆಪ್ಪೆಯನ್ನು ಒಂದು ಕಡ್ಡಿಯ ಮೇಲೆ ಮಗುಚಿದರು. ರೆಪ್ಪೆ ಹಾಗೆ ಮಗುಚುತ್ತದೆಂದೇ ನನಗೆ ಗೊತ್ತಿರಲಿಲ್ಲ. ಒಳಗೆ ಹಸಿಮಾಂಸದ ಕೆಂಪು. ಹತ್ತಿಯಲ್ಲಿ ಏನನ್ನೋ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಕಂದು ಚೂರು.

"ಇದು ಹೊಟ್ಟಲ್ಲ, ಹೊಗೆಸೊಪ್ಪು. ಯಾರಯ್ಯ ಬಾಯಿ ಹಾಕಿದ್ದು?"

"ಊರಲ್ಲಿ ಒಬ್ಬಳು ಮುದುಕಿ ಸಾರ್."

"ಆ ಮುದುಕಿಗೆ ಹೇಳು. ಕರಿಗುಡ್ಡೆ ಮೇಲೆ ಗಾಜಿನಂಥ ತೆಳು ಪೊರೆ ಇರುತ್ತೆ. ಅದಕ್ಕೆ ಗೀರು ಬಿದ್ದಿದೆ, ಗೀರಿನ ಮೇಲೆ ಅವಳ ಬಾಯಿ ಹೊಲಸು. ಒಂದು ತಂಬಿಗೆ ಒಳ್ಳೇ ನೀರಲ್ಲಿ ತೊಳೆದು ಅವತ್ತೇ ಕರ್ಕೊಂಡು ಬಂದಿದ್ರೆ ಕಣ್ಣು ಉಳೀತಿತ್ತು."

ತಂಗಿ ಇನ್ನೊಂದು ಕಣ್ಣಿನಿಂದ ನನ್ನನ್ನೇ ನೋಡಿದಳು. ನನ್ನ ದವಡೆಯಲ್ಲಿ ಆಗಲೂ ಹೊಗೆಸೊಪ್ಪಿತ್ತು. ಉಗಿಯಲು ಹೆದರಿ ರಸ ನುಂಗಿದೆ.

ಔಷಧಿ ಹಾಕಿದರೂ ಕಣ್ಣಲ್ಲಿ ಬಿಳಿ ಹೂ ಉಳಿಯಿತು, ನೋಟ ಹೋಯಿತು. ಮನೆಯಲ್ಲೂ ಅದೇ ಸುಳ್ಳು ಹೇಳಿದ್ದೆ. ಅವ್ವ ಸಾಯುವವರೆಗೂ ಆ ಇಲ್ಲದ ಮುದುಕಿಗೆ ಶಾಪ ಹಾಕಿದಳು. "ಯಾವಳಮ್ಮಿ ಅವ್ಳು?" ಎಂದು ಕೇಳಿದಾಗಲೆಲ್ಲ ತಂಗಿ, "ಕಣ್ ಮುಚ್ಕಂಡಿದ್ದೆ ಕಣವ್ವ, ಕಾಣಲಿಲ್ಲ" ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ನನ್ನ ಬಗ್ಗೆ ನನಗೆ ಹೇಸಿಗೆಯಾಗುತ್ತಿತ್ತು.

ಈಗಲೂ ಅವಳ ಮನೆಗೆ ಹೋದರೆ ಆ ಹೂ ಬಿದ್ದ ಕಣ್ಣಿನ ಕಡೆಗೇ ಕೂರುತ್ತೇನೆ. ಅವಳು ಪೂರಾ ಕತ್ತು ತಿರುಗಿಸಿ, "ಇತ್ಲಾಗ್ ಬಂದು ಕೂತ್ಕೊ ಅಣ್ಣಯ್ಯ" ಅನ್ನುತ್ತಾಳೆ.