ಗಂಗಾವತಿಯ ಭಾಯಿ ಕೇಳದ ಪ್ರಶ್ನೆ

ಅವರ ಬಲಗೈ ಕಿರುಬೆರಳಿಗೆ ಮಾತ್ರ ಉದ್ದನೆಯ ಉಗುರಿತ್ತು. ಅದಕ್ಕೆ ಸದಾ ಮದರಂಗಿಯ ಕೆಂಪು. ಉಳಿದ ಉಗುರುಗಳನ್ನೆಲ್ಲ ಒತ್ತಿ ಕತ್ತರಿಸಿಕೊಂಡಿರುತ್ತಿದ್ದರು. ಕಂಪ್ಯೂಟರಿನ ಹೊಟ್ಟೆಯೊಳಗಿನ ಸಣ್ಣ ಸಣ್ಣ ವೈರುಗಳ ತುದಿಯನ್ನು ಆ ಕೆಂಪು ಉಗುರಿನಿಂದ ಮೀಟಿ ತೆಗೆಯುವುದನ್ನು ಮೊದಲ ಸಲ ನೋಡಿದ ನಮ್ಮತ್ತೆ, ‘ಏನವ್ವ ಇದು, ಗಂಡಸಿಗೆ ಇಂಥಾ ಸಿಂಗಾರ!’ ಎಂದು ಮೂಗು ಮುರಿದಿದ್ದರು. ಬಾಗಿದ ತಲೆ ಎತ್ತದೆಯೇ ಅವರು ಹೇಳಿದ್ದರು: ‘ಸಿಂಗಾರ ಅಲ್ರಿ ಅವ್ವಾರ, ಹತ್ಯಾರ. ಖಂಡೇಪೂಜಿ ದಿನ ಇದಕ್ಕೂ ಕುಂಕುಮ ಹಚ್ಚತೀನ್ರಿ.’

ಅವರು ಗಂಗಾವತಿಯವರು. ನಾವೆಲ್ಲ ‘ಭಾಯಿ’ ಎಂದೇ ಕರೆಯುತ್ತಿದ್ದೆವು. ಮೊದಲು ರೇಡಿಯೋ, ಆಮೇಲೆ ಟೇಪ್ ರೆಕಾರ್ಡರ್, ಟಿವಿ, ಕೊನೆಗೆ ಕಂಪ್ಯೂಟರ್, ಹೀಗೆ ಕಾಲ ಕೊಟ್ಟಿದ್ದನ್ನೆಲ್ಲ ಬಿಚ್ಚಿ ಕಲಿತವರು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ನಾನೂ ನನ್ನ ಗಂಡನೂ ಕುಷ್ಟಗಿಯ ನಮ್ಮ ಮನೆಯ ಪಡಸಾಲೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಕರಪತ್ರ ಟೈಪು ಮಾಡಿಕೊಡುತ್ತಿದ್ದೆವು. ಭಾಯಿ ಬರುತ್ತಿದ್ದುದು ಸಂತೆಯ ದಿನ ಮಾತ್ರ. ಉಳಿದ ದಿನ ಯಲಬುರ್ಗಾ, ಹನುಮಸಾಗರ, ಬೇವೂರು ಅಂತ ತಿರುಗುತ್ತಿದ್ದರು. ಹಾಗಾಗಿ ನಮ್ಮೂರಿನ ಕಂಪ್ಯೂಟರುಗಳು ಯಾವತ್ತು ಕೆಟ್ಟರೂ ಸಂತೆಯ ತನಕ ತೆಪ್ಪಗೆ ಬಿದ್ದಿರಬೇಕಾಗಿತ್ತು.

ಬಡಾಯಿ ಏನು ಕಡಿಮೆ ಇರಲಿಲ್ಲ. ಯಾವ ಕೆಲಸಕ್ಕೂ ‘ಅರ್ಧಾ ತಾಸು ತಂಗೆವ್ವಾ’ ಅನ್ನುವರು. ಬೆಳಗ್ಗೆ ಹಾಗಂದವರು ಮಧ್ಯಾಹ್ನ ನಮ್ಮಲ್ಲೇ ರೊಟ್ಟಿ ತಿಂದು, ಸಂಜೆ ಚಹಾ ಬಸಿಗೆ ಹಾಕಿಕೊಂಡು ಕುಡಿದು, ಕಡೆಯ ಬಸ್ಸಿಗೆ ಓಡಿದ್ದೂ ಉಂಟು. ಚೀಲದಲ್ಲಿ ಒಂದು ಸ್ಕ್ರೂಡ್ರೈವರು, ಬಣ್ಣ ಬಳಿಯುವ ಬ್ರಷ್ಷು, ಸಾಲಿ ಹುಡುಗರು ಬಳಸುವ ಮಾವಿನ ವಾಸನೆಯ ರಬ್ಬರು. ಮೆಮೊರಿಯ ಪಟ್ಟಿಯನ್ನು ಕಿತ್ತು, ಅದರ ಬಂಗಾರದ ಬಣ್ಣದ ಅಂಚನ್ನು ಆ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದರೆ ಎಷ್ಟೋ ಕಂಪ್ಯೂಟರುಗಳು ಎದ್ದು ಕೂರುತ್ತಿದ್ದವು. ಕೋಣೆಯ ತುಂಬ ಮಾವಿನಹಣ್ಣಿನ ವಾಸನೆ ಉಳಿಯುತ್ತಿತ್ತು.

ಆದರೆ ಚೀಲ ಬಿಚ್ಚುವ ಮೊದಲು ಅವರದೊಂದು ಕಟ್ಟಳೆ ಇತ್ತು. ಮನೆಯವರನ್ನೆಲ್ಲ ಎದುರಿಗೆ ಕೂರಿಸಿಕೊಂಡು ಕೇಳುವರು: ‘ಯಾರು ಮಾಡ್ಯಾರ ಅಂತ ನನಗ ಬ್ಯಾಡ್ರಿ. ಏನ್ ಆಗೇತಿ, ಅಷ್ಟ ಹೇಳ್ರಿ.’ ಯಾರಾದರೂ ಇನ್ನೊಬ್ಬರ ಕಡೆ ಬೆರಳು ತೋರಿಸಿದರೆ ಮುಗಿಯಿತು, ಸಿಟ್ಟು ನೆತ್ತಿಗೇರುತ್ತಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಹೋಗಿ ಕೂತುಬಿಡುವರು. ‘ನಿಮ್ಮ ಪಂಚಾಯ್ತಿ ಮುಗಿದ ಮ್ಯಾಲ ಕರೀರಿ’ ಎನ್ನುವರು. ಇದೆಂಥ ಹಟಮಾರಿ ಮನುಷ್ಯ ಅಂತ ನನಗೂ ಅನ್ನಿಸುತ್ತಿತ್ತು. ಒಂದು ದಸರೆಯಲ್ಲಿ ಅದರ ಅರ್ಥ ಗೊತ್ತಾಯಿತು.

ನಮ್ಮತ್ತೆಗೆ ಆ ಕಂಪ್ಯೂಟರ್ ಕಂಡರೆ ಆಗುತ್ತಿರಲಿಲ್ಲ. ‘ಆ ಡಬ್ಬಿ’ ಅನ್ನುತ್ತಿದ್ದರೇ ಹೊರತು ಹೆಸರು ಹಿಡಿದವರಲ್ಲ. ಸೊಸೆ ಅಡುಗೆಮನೆ ಬಿಟ್ಟು ಪಡಸಾಲೆಯಲ್ಲಿ ಕೂತು ಕಂಡವರ ಲಗ್ನದ ಚಿಂತೆ ಮಾಡುತ್ತಾಳೆಂಬ ಬೇಗುದಿ. ಆ ವರ್ಷ ಮಾತ್ರ ಅದೇನು ತಿಳಿಯಿತೋ, ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಕುಡುಗೋಲು, ಕುರ್ಪಿ, ಈಳಿಗೆಮಣೆಗಳ ಸಾಲಿಗೆ ಡಬ್ಬಿಯನ್ನೂ ಸೇರಿಸಿಕೊಂಡರು. ತಾವೇ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದರು. ನನಗೆ ಕಣ್ಣೀರೇ ಬಂತು. ನನ್ನ ಗಂಡ ಕಾಯಿ ಒಡೆದರು, ಎಲ್ಲರೂ ಅಕ್ಷತೆ ಹಾಕಿ ಊಟಕ್ಕೆ ಎದ್ದೆವು. ಪೂಜೆಗಿಟ್ಟ ಹತ್ಯಾರವನ್ನು ಆವತ್ತು ಮುಟ್ಟುವಂತಿಲ್ಲ, ಮರುದಿನ ಬನ್ನಿ ಎಲೆಯನ್ನು ಬಂಗಾರವೆಂದು ಹಂಚುವ ಬನ್ನಿ ಹಬ್ಬ. ಹೀಗಾಗಿ ಎರಡು ದಿನ ಅದರ ಕಡೆ ಯಾರೂ ಹೋಗಲಿಲ್ಲ.

ಬನ್ನಿಯ ಮರುದಿನ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಒಳಗೆ ಹನುಮಸಾಗರದ ಕಡೆಯ ಒಂದು ಸಾಮೂಹಿಕ ವಿವಾಹದ ಪತ್ರಿಕೆ ಇತ್ತು. ಅಷ್ಟೂ ಜೋಡಿಗಳ ಹೆಸರು, ತಂದೆತಾಯಿಗಳ ಹೆಸರು, ಊರು ಎಲ್ಲ ಟೈಪಾಗಿ, ತಪ್ಪು ತಿದ್ದಿ ಮುಗಿದಿತ್ತು. ಮರುದಿನ ಬೆಳಗ್ಗೆ ಕೊಪ್ಪಳದ ಪ್ರೆಸ್ಸಿಗೆ ಮುಟ್ಟಿಸಬೇಕು. ತಪ್ಪಿದರೆ ಆ ಊರಿನವರು ಮತ್ತೆ ನಮ್ಮ ಹೊಸ್ತಿಲು ತುಳಿಯುವುದಿಲ್ಲ.

ಸೆಖೆಗೆಂದು ಬೇಸಿಗೆಯಲ್ಲಿ ಬಿಚ್ಚಿದ ಡಬ್ಬಿಯ ಪಕ್ಕದ ತಗಡನ್ನು ನಾವು ಮತ್ತೆ ಹಾಕಿರಲಿಲ್ಲ. ನನ್ನ ಗಂಡ ಬಾಗಿ ನೋಡಿದರು. ಬೋರ್ಡಿನ ಮೇಲೆ ಅಕ್ಷತೆ, ಕಲಸಿದ ಕುಂಕುಮ, ಅಂಟಂಟು ನೀರು. ಬೆರಳಿಗೆ ಹಚ್ಚಿ ಮೂಸಿದರು, ತೆಂಗಿನ ನೀರು. ಮನೆ ಹಾರಿಹೋಗುವ ಹಾಗೆ ಕೂಗಿದರು: ‘ಯಾವ ಪುಣ್ಯಾತ್ಮರು ಇದರಾಗ ತೀರ್ಥ ಹಾಕ್ಯಾರ? ಡಬ್ಬಿ ಮುಂದ ದಿನಾ ಕೂಡಾಕಿ ನೀನು. ನಿನಗ ಗೊತ್ತಿಲ್ಲದ ಹೆಂಗ ಆತು?’

ನಾನು ಹಾಕಿರಲಿಲ್ಲ. ಯಾರು ಹಾಕಿರಬಹುದೆಂದು ಮಾತ್ರ ಥಟ್ಟನೆ ಹೊಳೆಯಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತಿದ್ದರು. ಹೇಳಿಬಿಡಲೇ ಅಂತ ನಾಲಿಗೆ ತುದಿಗೆ ಬಂತು, ಸುಳ್ಳೇಕೆ ಹೇಳಲಿ. ಆದರೆ ಅವರು ಪ್ರೀತಿಯಿಂದ ಆ ಡಬ್ಬಿಯನ್ನು ಮುಟ್ಟಿದ್ದೇ ಅದೊಂದು ದಿನ. ನಾನು ಬಾಯಿ ಬಿಡಲಿಲ್ಲ. ಬೈಗುಳ ಮುಗಿಯುವ ತನಕ ಕಾದು ಗಂಗಾವತಿಗೆ ಫೋನು ಹಚ್ಚಿದೆ.

ತಮ್ಮ ದಿನವಲ್ಲದಿದ್ದರೂ ಭಾಯಿ ಮಧ್ಯಾಹ್ನದೊಳಗೆ ಬಂದಿಳಿದರು. ನನ್ನ ಗಂಡ ಹೊಸ್ತಿಲಲ್ಲೇ ಶುರು ಮಾಡಿದರು: ‘ಯಾರೋ ಒಳಗ ಕಾಯಿನೀರು ಸುರುವ್ಯಾರ್ರಿ ಭಾಯಿ. ಕೇಳಿದ್ರ ಯಾರೂ ಬಾಯಿ ಬಿಡವಲ್ರು...’

‘ನೀರು ಬಿದ್ದೈತಿ. ಸಾಕು, ಸಿಕ್ತಲ್ಲ’ ಎಂದು ಭಾಯಿ ಕೈ ಅಡ್ಡ ಹಿಡಿದರು. ‘ಯಾರು ಅಂತ ಗೊತ್ತಾದ್ರ ಬೋರ್ಡ್ ಒಣಗತೈತೇನ್ರಿ? ಹಾಂಗಿದ್ರ ಹುಡುಕೂಣು ನಡೀರಿ.’

ನನ್ನ ಗಂಡ ದಾರಿ ಬಿಟ್ಟು ಸರಿದರು. ಭಾಯಿ ಒಂದೊಂದೇ ಬಿಚ್ಚಿದರು. ಅಕ್ಷತೆಯ ಕಾಳನ್ನು ಕೆಂಪು ಉಗುರಿನಿಂದ ಹೆಕ್ಕಿದರು, ಅಂಟನ್ನು ಸ್ಪಿರಿಟ್ಟಿನಿಂದ ಒರೆಸಿದರು. ಪತ್ರಿಕೆ ಇದ್ದ ಹಾರ್ಡ್ ಡಿಸ್ಕು ಕೆಳಗಿನ ಮೂಲೆಯಲ್ಲಿತ್ತು, ಅದಕ್ಕೆ ಹನಿ ಮುಟ್ಟಿರಲಿಲ್ಲ. ಆದರೆ ಮೆಮೊರಿ ಕೂರುವ ಸಂದಿಯಲ್ಲಿ ಇನ್ನೂ ತೇವವಿತ್ತು. ‘ಹಸಿ ಇದ್ದಾಗ ಕರೆಂಟ್ ಕೊಟ್ರ ಸುಟ್ಟು ಹೋಕ್ಕೈತಿ’ ಎಂದವರು, ಬೋರ್ಡನ್ನು ಎರಡು ಕೈಯಲ್ಲಿ ಹಿಡಿದು ಪಡಸಾಲೆ ದಾಟಿ ಅಡುಗೆಮನೆಯ ಬಾಗಿಲಿಗೇ ನಡೆದರು.

‘ಅವ್ವಾರ, ಶಾವಿಗಿ ಒಣಗಸವ್ರು ನೀವು. ಇದನ್ನ ಒಣಗಿಸಿ ಕೊಡ್ರಿ. ನನಗ ಅವಸರ ಭಾಳ, ಬಿಸಲಾಗ ಇಟ್ಟು ಕೆಡಸತೀನಿ.’

ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ‘ನಾ ಮುಟ್ಟಬಹುದೇನಪಾ?’

‘ನೀವ ಮುಟ್ಟಬೇಕ್ರಿ.’

ಅತ್ತೆ ಮೊರಕ್ಕೆ ಬಿಳಿ ಅರಿವೆ ಹಾಸಿ ಅದರ ಮೇಲೆ ಬೋರ್ಡು ಮಲಗಿಸಿಕೊಂಡರು. ಮಾಳಿಗೆಯ ಮೇಲೆ, ಶಾವಿಗೆಗೆ ಹುಡುಕುವಂಥದೇ ಗಾಳಿಯಾಡುವ ನೆರಳು ಹುಡುಕಿದರು. ನೆರಳು ಸರಿದಂತೆ ಮೊರ ಸರಿಸುತ್ತ, ಧೂಳೆದ್ದರೆ ಸೆರಗು ಅಡ್ಡ ಹಿಡಿಯುತ್ತ ಇಳಿಹೊತ್ತಿನ ತನಕ ಕಾದರು. ಊಟಕ್ಕೆ ಕರೆದರೆ, ‘ಒಣಗಲಿ ತಡಿ’ ಅಂದರು. ನಾನು ಪಕ್ಕದಲ್ಲಿ ಹೋಗಿ ಕೂತೆ. ಮದುವೆಯಾಗಿ ಬಂದ ಮೇಲೆ ಅವರ ಹತ್ತಿರ ಅಷ್ಟು ಹಗುರಾಗಿ ಕೂತದ್ದು ಅದೇ ಮೊದಲು.

ಸಂಜೆ ಭಾಯಿ ಎಲ್ಲ ಜೋಡಿಸಿ, ಮೆಮೊರಿಯನ್ನು ರಬ್ಬರಿನಿಂದ ತಿಕ್ಕಿ ಕೂರಿಸಿ, ‘ಗುಂಡಿ ಒತ್ರಿ ಅವ್ವಾರ’ ಎಂದರು. ಅತ್ತೆ ಕಣ್ಣು ಮುಚ್ಚಿಕೊಂಡು ಒತ್ತಿದರು. ಒಂದು ಸಣ್ಣ ಬೀಪ್ ಶಬ್ದ, ಪರದೆಯ ಮೇಲೆ ಬಿಳಿ ಅಕ್ಷರ! ‘ಎದ್ದ ನೋಡ್ರಿ ಸಾಹೇಬ’ ಎಂದು ಭಾಯಿ ತೊಡೆ ತಟ್ಟಿಕೊಂಡರು. ಅತ್ತೆ ದೇವರ ಮುಂದಿನ ಬನ್ನಿ ಎಲೆ ತಂದು ಅವರ ಕೈಗಿಟ್ಟು, ‘ಬಂಗಾರದಂಗ ಇರಪಾ’ ಎಂದರು. ಭಾಯಿ ಎಲೆಯನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟರು. ಪತ್ರಿಕೆ ಮರುದಿನ ಕೊಪ್ಪಳ ಮುಟ್ಟಿತು.

ಆಮೇಲೆ ಪ್ರತಿ ದಸರೆಗೂ ಭಾಯಿಯ ಪಾಲಿನ ಬನ್ನಿ ನಮ್ಮ ಮನೆಯಲ್ಲಿ ಬೇರೆ ಇರುತ್ತಿತ್ತು. ಅವರು ಬಂದು, ‘ಎಲ್ರಿ ಅವ್ವಾರ ನನ್ನ ಬಂಗಾರ’ ಎಂದು ಕೇಳಿ ತೆಗೆದುಕೊಂಡು ಹೋಗುವರು. ಕಂಪ್ಯೂಟರ್ ಹೋಗಿ ಲ್ಯಾಪ್‌ಟಾಪ್ ಬಂತು, ರಿಪೇರಿಯ ನೆಪವೂ ಹೋಯಿತು, ಬನ್ನಿ ನಿಲ್ಲಲಿಲ್ಲ. ಹೋದ ವರ್ಷ ಹಬ್ಬಕ್ಕೆ ಇನ್ನೇನು ವಾರವಿದೆ ಎನ್ನುವಾಗ ಅವರ ಮಗಳು ಫೋನು ಮಾಡಿದಳು. ಸಕ್ಕರೆ ಕಾಯಿಲೆ ಒಳಗೊಳಗೇ ತಿಂದಿತ್ತಂತೆ. ಮಣ್ಣಿಗೆ ಹೋಗಿ ಬಂದೆವು. ಕಫನಿನ ಬಿಳಿ ಬಟ್ಟೆಯೊಳಗೆ ಆ ಕೆಂಪು ಉಗುರು ಇನ್ನು ಕಾಣುವುದಿಲ್ಲವಲ್ಲ ಎಂದುಕೊಂಡೆ.

ಹಬ್ಬದ ಸಂಜೆ ನೋಡಿದರೆ ಅತ್ತೆ ಎಂದಿನಂತೆ ಒಂದು ಪಾಲು ಬನ್ನಿ ಬೇರೆ ತೆಗೆದಿಟ್ಟುಕೊಂಡು ಕೂತಿದ್ದರು. ಈಗ ಅವರಿಗೆ ಕಣ್ಣು ಅಷ್ಟಕ್ಕಷ್ಟೇ. ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು.

‘ಅವತ್ತ ತೆಂಗಿನ ನೀರು ನಾನ ಹಾಕಿದ್ದೆ. ತೀರ್ಥ ಇಲ್ಲದ ಎಂಥಾ ಪೂಜಿ ಅಂತ... ಭಾಯಿಗೆ ಗೊತ್ತಿತ್ತು, ಕೇಳಲಿಲ್ಲ.’

‘ಯಾರು ಹಾಕಿದ್ರೇನು ಬಿಡ್ರಿ ಅತ್ತಿ’ ಎಂದೆ. ‘ಒಣಗಿಸಿದವ್ರು ನೀವ ಅಲ್ಲೇನ್ರಿ?’

ಅತ್ತೆ ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ. ಆಮೇಲೆ ಭಾಯಿಯ ಪಾಲಿನ ಬನ್ನಿಯನ್ನು ನನ್ನ ಅಂಗೈಗಿಟ್ಟರು.